ಮೋಟಾರು ಮೋಟಾರಿನೊಡನೆ ಮಾತಾಡಿದರೆ

ಮೋಟಾರು ಗಾಡಿಗೆ ಬಹುಕಾಲದಿಂದ ಬರುವ ಮಾತುಗಳು ಬೆರಳೆಣಿಕೆಯಷ್ಟು. ಹಾರನ್ನಿನ ಕೂಗು ಒಂದು. ಬ್ರೇಕ್ ಹಾಕಿದಾಗ ಹಿಂದೆ ಬೆಳಗುವ ಕೆಂಪು ದೀಪ ಇನ್ನೊಂದು. ತಿರುವಿನಲ್ಲಿ ಮಿನುಗುವ ಹಳದಿ ದೀಪ ಮತ್ತೊಂದು. ಇವೆಲ್ಲ ಕಣ್ಣಿಗೆ ಬಿದ್ದರೆ ಅಥವಾ ಕಿವಿಗೆ ಕೇಳಿದರೆ ಮಾತ್ರ ಪ್ರಯೋಜನಕ್ಕೆ ಬರತಕ್ಕವು. ಮುಂದೆ ದೊಡ್ಡ ಲಾರಿಯೊಂದು ಹೋಗುತ್ತಿದ್ದರೆ, ಅದರಾಚೆಯ ಕಾರು ಹಠಾತ್ತನೆ ನಿಂತದ್ದು ಹಿಂದಿನವನಿಗೆ ತಿಳಿಯುವುದು ಲಾರಿಯೂ ನಿಂತ ಮೇಲೆಯೇ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಧಾವಿಸುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗುತ್ತದೆ. ಅಪಾಯವನ್ನು ಕಂಡು ಚಾಲಕನು ಬ್ರೇಕನ್ನು ತುಳಿಯುವಷ್ಟರಲ್ಲಿ ಒಂದು, ಒಂದೂವರೆ ಸೆಕೆಂಡು ಕಳೆದುಹೋಗುವುದುಂಟು. ಆದುದರಿಂದ ಎಚ್ಚರಿಕೆ ಎರಡು ಮೂರು ಸೆಕೆಂಡು ಮೊದಲೇ ದೊರೆತರೂ ಒಂದು ಜೀವ ಉಳಿದೀತು.

ಈ ಕೆಲವು ಸೆಕೆಂಡುಗಳನ್ನು ಗಳಿಸಿಕೊಡಲೆಂದೇ ವಿಜ್ಞಾನಿಗಳು ನಿಸ್ತಂತು ವಿದ್ಯೆಯ ಮೊರೆಹೊಕ್ಕರು. ಪ್ರತಿಯೊಂದು ಗಾಡಿಯಲ್ಲಿಯೂ ಒಂದು ಸಣ್ಣ ರೇಡಿಯೋ ಯಂತ್ರವಿರುತ್ತದೆ. ಅದು ತಾನಿರುವ ಸ್ಥಳ, ವೇಗ, ಹೋಗುವ ದಿಕ್ಕು, ಬ್ರೇಕ್ ಹಾಕಿದೆಯೋ ಇಲ್ಲವೋ ಎಂಬ ವಿವರಗಳನ್ನು ಸೆಕೆಂಡಿಗೆ 10 ಬಾರಿ ಪ್ರಸಾರಮಾಡುತ್ತದೆ. ಸುಮಾರು 300 ಮೀಟರ್ ಫಾಸಲೆಯೊಳಗಿನ ಗಾಡಿಗಳು ಆ ಸಂದೇಶವನ್ನು ಗ್ರಹಿಸಿ, ಲೆಕ್ಕಹಾಕಿ, ಡಿಕ್ಕಿಯಾಗುವ ಸಂಭವ ಕಂಡರೆ ತಮ್ಮ ಚಾಲಕನನ್ನು ಎಚ್ಚರಿಸುತ್ತವೆ. ಕ್ಯಾಮರಾ, ರಾಡಾರ್‌ಗಳಿಗೆ ಲಾರಿಯ ಮರೆಯಲ್ಲಿರುವುದು ಕಾಣುವುದು ದುರ್ಲಭ. ರೇಡಿಯೋ ಸಂದೇಶವಾದರೋ ಆ ಮರೆಯನ್ನು ಬಹುಮಟ್ಟಿಗೆ ದಾಟಬಲ್ಲದು. ಸಂದೇಶದಲ್ಲಿ ಮಾಲೀಕನ ಹೆಸರಾಗಲಿ ಗಾಡಿಯ ನಂಬರಾಗಲಿ ಇರುವುದಿಲ್ಲ.

ಈ ಏರ್ಪಾಡಿನ ದೊಡ್ಡ ಪರೀಕ್ಷೆಯೊಂದು ನಡೆದದ್ದು ಅಮೆರಿಕದ ಮಿಷಿಗನ್ ಸಂಸ್ಥಾನದ ಆನ್ ಆರ್ಬರ್ ಪಟ್ಟಣದಲ್ಲಿ. 2012ರ ಆಗಸ್ಟಿನಲ್ಲಿ ಸರ್ಕಾರದ ಸಾರಿಗೆ ಇಲಾಖೆಯೂ ಮಿಷಿಗನ್ ವಿಶ್ವವಿದ್ಯಾನಿಲಯವೂ ಕೂಡಿ ಸುಮಾರು 3,000 ಗಾಡಿಗಳಿಗೆ ಇಂಥ ಯಂತ್ರಗಳನ್ನು ಅಳವಡಿಸಿದುವು. ಪಟ್ಟಣದ ಸಾಮಾನ್ಯ ಜನರೇ ತಮ್ಮ ನಿತ್ಯದ ಓಡಾಟದಲ್ಲಿ ಅವನ್ನು ಬಳಸಿದರು. ಅವುಗಳಲ್ಲಿ ಬಹುಪಾಲು ಯಂತ್ರಗಳು ಸಂದೇಶವನ್ನು ಕಳಿಸುವುವು ಮಾತ್ರ; ಸಂದೇಶವನ್ನು ಕೇಳಿ ಎಚ್ಚರಿಸುವುವು ಕೆಲವೇ.

ಆ ದೇಶದ ಹೆದ್ದಾರಿ ಸುರಕ್ಷತಾ ಆಡಳಿತವು 2014ರಲ್ಲಿ ಒಂದು ಅಂದಾಜನ್ನು ಪ್ರಕಟಿಸಿತು. ಅಡ್ಡರಸ್ತೆ ದಾಟುವಾಗ ಒಂದು, ಎದುರು ಬರುವ ಗಾಡಿಗೆ ಅಡ್ಡವಾಗಿ ಎಡಕ್ಕೆ ತಿರುಗುವಾಗ ಇನ್ನೊಂದು, ಹೀಗೆ ಎರಡೇ ಬಗೆಯ ಎಚ್ಚರಿಕೆಗಳಿಂದ ವರ್ಷಕ್ಕೆ 5,92,000ದವರೆಗೆ ಅಪಘಾತಗಳನ್ನು ತಪ್ಪಿಸಬಹುದು, 1,083 ಜೀವಗಳನ್ನು ಉಳಿಸಬಹುದು ಎಂಬುದು ಅದರ ಸಾರ. ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಗಡೆ ಚಲಿಸುವುದರಿಂದ ಅಲ್ಲಿನ ಎಡತಿರುವು ಭಾರತದ ಬಲತಿರುವಿನಷ್ಟೇ ಅಪಾಯಕರ.

ಇಷ್ಟೆಲ್ಲ ಉಪಯೋಗವಿರುವ ಯಂತ್ರವು ಇನ್ನೂ ಎಲ್ಲ ಗಾಡಿಗಳನ್ನು ಸೇರದಿರುವುದೇಕೆ? ಇದಕ್ಕೆ ಉತ್ತರ ಒಂದು ಸರಳವಾದ ಗಣಿತದಲ್ಲಿದೆ. ನೂರು ಗಾಡಿಗಳಲ್ಲಿ ಹತ್ತಕ್ಕೆ ಮಾತ್ರ ಈ ಸೌಕರ್ಯವಿದ್ದರೆ, ಎದುರುಬದುರಾಗುವ ಎರಡು ಗಾಡಿಗಳಲ್ಲಿಯೂ ಅದಿರುವ ಸಂಭವ ನೂರಕ್ಕೆ ಒಂದು. ಅರ್ಧದಷ್ಟು ಗಾಡಿಗಳಲ್ಲಿದ್ದರೂ ನಾಲ್ಕಕ್ಕೆ ಒಂದು. ಸೀಟಿನ ಬೆಲ್ಟು ಕೊಂಡವನನ್ನೇ ಕಾಪಾಡುತ್ತದೆ. ಈ ಯಂತ್ರವಾದರೋ ನೆರೆಯವನೂ ಕೊಂಡ ಹೊರತು ಮೂಕವಸ್ತು. ಮೊದಲು ಹಣ ತೆರುವವನಿಗೆ ಸಿಗುವ ಲಾಭ ಎಲ್ಲರಿಗಿಂತ ಕಡಿಮೆ.

ಆದಕಾರಣ ಕಾನೂನಿನ ಬಲ ಬೇಕೆಂದು ತೋರಿತು. ಹೊಸ ಕಾರುಗಳಲ್ಲಿ ಈ ಯಂತ್ರವನ್ನು ಕಡ್ಡಾಯಗೊಳಿಸುವ ಸಲಹೆಯು 2016ರ ಡಿಸೆಂಬರಿನಲ್ಲಿ ಹೊರಟಿತು. ಜಾರಿಗೆ ಬಾರದೆಯೇ 2023ರಲ್ಲಿ ಹಿಂತೆಗೆಯಲ್ಪಟ್ಟಿತು. ಈ ನಡುವೆ ರೇಡಿಯೋ ತರಂಗಗಳ ಪಾಲುಪಟ್ಟಿಯಲ್ಲಿಯೂ ವ್ಯಾಜ್ಯ ಹುಟ್ಟಿತು. ಅಮೆರಿಕದ ಸಂಪರ್ಕ ಆಯೋಗವು 1999ರಲ್ಲಿ ರಸ್ತೆ ಸುರಕ್ಷತೆಗೆಂದು 75 ಮೆಗಾಹರ್ಟ್ಸ್ ವಿಸ್ತಾರದ ತರಂಗಪಟ್ಟಿಯನ್ನು ಮೀಸಲಿಟ್ಟಿತ್ತು. ಅದು ಬಹುಮಟ್ಟಿಗೆ ಬಳಕೆಯಾಗದೆ ಉಳಿಯಿತೆಂದು ಹೇಳಿ, 2020ರಲ್ಲಿ 45 ಮೆಗಾಹರ್ಟ್ಸ್‌ಗಳನ್ನು ಮನೆಮನೆಯ ವೈಫೈಗೆ ಬಿಟ್ಟುಕೊಟ್ಟಿತು. ಉಳಿದ 30 ಮೆಗಾಹರ್ಟ್ಸ್‌ಗಳು ಮೊಬೈಲ್ ಫೋನಿನ ತಂತ್ರದಿಂದ ಬೆಳೆದ ಹೊಸ ಪದ್ಧತಿಯ ಪಾಲಾದುವು. ಹಳೆಯ ಪದ್ಧತಿಯ ರೇಡಿಯೋಗೆ ಹೊಸದರ ಭಾಷೆ ತಿಳಿಯದು.

ಇತರ ದೇಶಗಳು ಸುಮ್ಮನೆ ಕುಳಿತಿಲ್ಲ. ಜಪಾನಿನಲ್ಲಿ ಟೊಯೋಟಾ ಕಂಪನಿಯು 2015ರಲ್ಲಿಯೂ, ಜರ್ಮನಿಯ ಫೋಕ್ಸ್‌ವಾಗನ್ 2019ರ ಗಾಲ್ಫ್ ಕಾರಿನಲ್ಲಿಯೂ ಈ ಬಗೆಯ ಸೌಕರ್ಯವನ್ನು ತಂದುವು. ಆದರೆ ಇವೆರಡರ ತರಂಗಗಳೂ ಬೇರೆ ಬೇರೆ.

ಯಂತ್ರ ಸಿದ್ಧವಾಗಿ ವರ್ಷಗಳೇ ಸಂದಿವೆ, ಇಲ್ಲದಿರುವುದು ಒಮ್ಮತ. ಒಂದು ಭಾಷೆಯನ್ನು ಆರಿಸಿ ಎಲ್ಲರೂ ಅದನ್ನೇ ಆಡುವ ನಿರ್ಧಾರವನ್ನು ಯಾವ ಎಂಜಿನಿಯರನೂ ಒಬ್ಬನೇ ಮಾಡಲಾರ. ಅದು ಸರ್ಕಾರಗಳೂ ಕಾರ್ಖಾನೆಗಳೂ ಕಾರು ಕೊಳ್ಳುವ ಸಂಸಾರಗಳೂ ಕೂಡಿ ಮಾಡಬೇಕಾದ ಕೆಲಸ. ಅಲ್ಲಿಯವರೆಗೆ ಲಾರಿಯ ಹಿಂದೆ ಸಾಕಷ್ಟು ಅಂತರ ಬಿಟ್ಟು ನಡೆಸುವುದೇ ಚಾಲಕನ ಕೈಯಲ್ಲಿರುವ ರಕ್ಷೆ.