ತಂತಿಯ ಬಾಡಿಗೆ ತೆತ್ತವರಿಗೆ ಕತ್ತಲೆಯೇಕೆ?

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ, ಬ್ರಿಟಿಷ್ ಕಂಪನಿಯ ಲಾಭಕ್ಕೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗಳ ಸರದಿ ಬಂದದ್ದು ಬಹಳ ತಡವಾಗಿ. ತಂತಿ ಮೊದಲು ಯಾರ ಬಾಗಿಲಿಗೆ ಎಂಬುದು ಅಂದಿನಿಂದಲೂ ಅಧಿಕಾರದ ಪ್ರಶ್ನೆಯೇ ಆಗಿದೆ.

ಹಗಲು ಹೊತ್ತಿನಲ್ಲಿ ವಿದ್ಯುತ್ತೇ ಹುಟ್ಟುವುದಿಲ್ಲವೆಂಬ ನೆಪ ಇನ್ನು ಸಲ್ಲದು. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರಸ್ಥಾವರ 2019ರಲ್ಲೇ ಪೂರ್ಣಗೊಂಡಿತು. ಆದರೆ ಕೆರೆ ತುಂಬಿದ್ದರೂ ಕಾಲುವೆ ಹೂಳಿದ್ದರೆ ಗದ್ದೆಗೆ ನೀರು ಬಂದೀತೆ? ಒಂದೇ ತಂತಿಯಲ್ಲಿ ಎರಡರಷ್ಟು ಪ್ರವಾಹ ಹರಿಸಿದರೆ ಶಾಖವಾಗಿ ಸೋರುವುದು ನಾಲ್ಕರಷ್ಟು. ತಂತಿ ಕಾದು ಜೋತುಬೀಳುತ್ತದೆ. ಅಪಾಯ ತಪ್ಪಿಸಲು ಸ್ಟೇಷನ್ನಿನವರು ಲೈನು ತೆಗೆಯುತ್ತಾರೆ.

ಲೈನು ಹೋದರೆ ಮಗ್ಗ ನಿಂತಿತು. ಮೀಟರ್ ಲೆಕ್ಕದಲ್ಲಿ ನೇಯುವವನ ಕೂಲಿಯೂ ನಿಂತಿತು. ಹಿಟ್ಟಿನ ಗಿರಣಿಯವನು ಕೈಕಟ್ಟಿ ಕುಳಿತ. ಆದರೆ ಬಿಲ್ಲಿನಲ್ಲಿ ನಿಗದಿತ ಶುಲ್ಕ ನಿಂತಿತೆ? ಮಂಜೂರಾದ ಕಿಲೋವಾಟ್, ಅಶ್ವಶಕ್ತಿಯ ಲೆಕ್ಕದಲ್ಲಿ ಅದನ್ನು ತಿಂಗಳು ತಿಂಗಳೂ ಕಟ್ಟಲೇಬೇಕು. ಅದು ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳ ಬಾಡಿಗೆಯಲ್ಲದೆ ಮತ್ತೇನು? ಬಾಡಿಗೆ ವಸೂಲಿ ಮಾಡಿ ಸೋರುವ ಮನೆ ಕೊಡುವುದು ಯಾವ ನ್ಯಾಯ?

ಜಾಗವಿಲ್ಲ, ರೈತ ಗೋಪುರ ನಿಲ್ಲಿಸಲು ಬಿಡುವುದಿಲ್ಲ ಎನ್ನುತ್ತಾರೆ. ಕೂಲಿಕಾರನನ್ನು ರೈತನ ಮೇಲೆ ಎತ್ತಿಕಟ್ಟುವ ಈ ಹುನ್ನಾರಕ್ಕೆ ನಾವು ಬಲಿಯಾಗುವುದಿಲ್ಲ. ಕಾದರೂ ಹೆಚ್ಚು ಜೋಲದ ಹೊಸ ಬಗೆಯ ತಂತಿಯನ್ನು ಅನೇಕ ಕಡೆ ಹಳೆಯ ಗೋಪುರಗಳಿಗೇ ಕಟ್ಟಬಹುದು. ಅದು ಸುಮಾರು ಎರಡರಷ್ಟು ಪ್ರವಾಹ ಹೊರುತ್ತದೆ. ಹೊಸ ಮಾರ್ಗ ಬೇಕೇ ಬೇಕೆನ್ನುವಲ್ಲಿ ರೈತನಿಗೆ ಮೊದಲು ಹಣ ಸಲ್ಲಲಿ. ಗೋಪುರದ ಬುಡದ ನೆಲಕ್ಕೆ ಬೆಲೆಯ ಎರಡರಷ್ಟು, ತಂತಿಯ ಕೆಳಗಿನ ಪಟ್ಟಿಗೆ ಶೇಕಡ 30 ಎಂದು ಕೇಂದ್ರ ಸರ್ಕಾರವೇ 2024ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದು ಕಡತದಲ್ಲಿ ಕೊಳೆಯಬಾರದು.

ನಮ್ಮ ಬೇಡಿಕೆ ಮೂರು. ಯಾವ ಸ್ಟೇಷನ್ನಿನ ಮೇಲೆ ಎಷ್ಟು ಹೊರೆ ಇದೆ, ಯಾವ ಲೈನು ಎಂದು ಬದಲಾಗುತ್ತದೆ ಎಂಬ ಪಟ್ಟಿಯನ್ನು ಬಹಿರಂಗವಾಗಿ ತೂಗುಹಾಕಿರಿ. ಹಳೆಯ ಗ್ರಾಹಕರ ಲೈನು ಬಲಪಡಿಸದೆ ಅದರ ಮೇಲೆ ಹೊಸ ದೊಡ್ಡ ಕಾರ್ಖಾನೆಯ ಹೊರೆ ಹೇರಬೇಡಿರಿ. ಕರೆಂಟು ಕೊಡದ ಗಂಟೆಗಳ ನಿಗದಿತ ಶುಲ್ಕವನ್ನು ಬಿಲ್ಲಿನಲ್ಲಿ ಕಳೆಯಿರಿ.

ಬಂಧುಗಳೇ, ವಿದ್ಯುತ್ ದರ ಏರಿಸುವ ಮೊದಲು ಆಯೋಗ ಸಾರ್ವಜನಿಕ ವಿಚಾರಣೆ ನಡೆಸಲೇಬೇಕು. ದೊಡ್ಡವರು ಅಲ್ಲಿಗೆ ವಕೀಲರನ್ನು ಕಳಿಸುತ್ತಾರೆ. ಈ ಸಲ ನಾವು ಬಿಲ್ಲುಗಳನ್ನು ಕೈಯಲ್ಲಿ ಹಿಡಿದು ನಾವೇ ಹೋಗೋಣ.