ಚಾಲೂ ಆಗದ ಹಳೆಯ ಹುಲ್ಲಿನ ಯಂತ್ರ

ಮನೆಯ ಮುಂದೆ ನಾಲ್ಕು ಮಾರು ಹುಲ್ಲುಹಾಸನ್ನು ಬೆಳೆಸಿಕೊಂಡಿರುವ ಗೃಹಸ್ಥರಲ್ಲಿ ಅನೇಕರು, ಹೊಸ ಯಂತ್ರದ ಬೆಲೆಯನ್ನು ಕೇಳಿ ಹಿಂಜರಿದು, ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರವನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಳ್ಳುವರು. ಅದು ಮಾರುವವನ ಅಂಗಳದಲ್ಲಿ ಗರ್ಜಿಸಿ, ಕೊಂಡವನ ಅಂಗಳಕ್ಕೆ ಬಂದೊಡನೆ ಮೌನವ್ರತವನ್ನು ಹಿಡಿಯುವುದುಂಟು. ಹಗ್ಗವನ್ನು ಎಳೆದೆಳೆದು ತೋಳು ಸೋತ ಮೇಲೆ ಯಜಮಾನರು ಗುಜರಿಯವನ ಹೆಸರೆತ್ತುವರು. ಅಷ್ಟು ಅವಸರ ಬೇಡವೆಂದು ಬಿನ್ನವಿಸುವುದಕ್ಕಾಗಿಯೇ ಈ ತಿಂಗಳ ಬರೆಹ. ಇಂಥ ಯಂತ್ರಗಳಲ್ಲಿ ಬಹುಪಾಲಿಗೆ ಬಂದಿರುವ ರೋಗವು ಒಂದು ಚಿಂದಿಬಟ್ಟೆ, ಒಂದು ಪ್ಲಗ್ ಪಾನ, ಅರ್ಧ ಲೀಟರ್ ಹೊಸ ಪೆಟ್ರೋಲು, ಇಷ್ಟರಿಂದಲೇ ಗುಣವಾಗತಕ್ಕದ್ದು.

ಹುಲ್ಲಿನ ಯಂತ್ರದ ಮೂಲಪುರುಷನು ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್ ಎಂಬಾತನು. ಉಣ್ಣೆಯ ಬಟ್ಟೆಯ ಮೇಲಣ ನವಿರನ್ನು ಕತ್ತರಿಸಿ ಸಮಮಾಡುವ ಗಿರಣಿಯ ಯಂತ್ರವನ್ನು ಕಂಡು, ಅದೇ ಉಪಾಯವನ್ನು ಭೂಮಿಯ ನವಿರಿಗೂ ಹೊಂದಿಸಿ, 1830ರಲ್ಲಿ ಹಕ್ಕುಪತ್ರವನ್ನು ಪಡೆದನು. ಅದು ಕೈಯಿಂದ ತಳ್ಳುವ ಯಂತ್ರ. ಅದಕ್ಕೆ ಕೆಡುವ ಹೊಟ್ಟೆಯಿರಲಿಲ್ಲ. ಪೆಟ್ರೋಲಿನ ಎಂಜಿನ್ನು ಸೇರಿದಂದಿನಿಂದ ಅಜೀರ್ಣದ ಕಾಟವೂ ಸೇರಿತು.

ಈ ಎಂಜಿನ್ನಿನ ಒಳಗುಟ್ಟನ್ನು ತಿಳಿಯುವುದು ಕಷ್ಟವಲ್ಲ. ಜರ್ಮನಿಯ ನಿಕೋಲಸ್ ಆಟೊ ಎಂಬಾತನು 1876ರಲ್ಲಿ ಸಿದ್ಧಪಡಿಸಿದ ನಾಲ್ಕು ನಡೆಯ ಕ್ರಮವೇ ಇಂದಿಗೂ ಇವುಗಳಲ್ಲಿ ಹೆಚ್ಚಿನವುಗಳಲ್ಲಿ ನಡೆಯುತ್ತಿದೆ. ಪ್ರಾಣಾಯಾಮವನ್ನು ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ಮೊದಲು ಪೂರಕ: ಗಾಳಿಯೂ ಪೆಟ್ರೋಲಿನ ಆವಿಯೂ ಒಳಕ್ಕೆ. ಆಮೇಲೆ ಕುಂಭಕ: ಎರಡನ್ನೂ ಅದುಮಿ ಹಿಡಿಯುವುದು. ಕುಂಭಕದ ಕೊನೆಯಲ್ಲಿ ಪ್ಲಗ್ಗಿನ ಕಿಡಿ ತಗುಲಿ ಸ್ಫೋಟ, ಕಡೆಗೆ ರೇಚಕ. (ಯೋಗಶಾಸ್ತ್ರದಲ್ಲಿ ಸ್ಫೋಟವಿಲ್ಲವೆಂದು ಆಕ್ಷೇಪಿಸುವವರೊಡನೆ ನನಗೆ ವಿವಾದವಿಲ್ಲ.) ಆದಕಾರಣ ಪೆಟ್ರೋಲು, ಕಿಡಿ, ಒತ್ತಡ, ಈ ಮೂರೂ ತಕ್ಕ ಹೊತ್ತಿಗೆ ಕೂಡಿದರೆ ಯಂತ್ರವು ಓಡಲೇಬೇಕು, ಓಡದಿದ್ದರೆ ಮೂರರಲ್ಲಿ ಒಂದು ತಪ್ಪಿರಬೇಕು. ಯಾವುದೆಂದು ಕಂಡುಹಿಡಿಯದೆ ಬಿಡಿಭಾಗಗಳನ್ನು ಬದಲಿಸುವುದು, ನಾಡಿಯನ್ನು ನೋಡದೆ ಔಷಧಿಯನ್ನು ಕೊಟ್ಟಂತೆ.

ಹೀಗೆ ಕೊಟ್ಟ ಔಷಧಿಯ ಬೆಲೆ ಬಡವನಿಗೆ ಎಷ್ಟಾಗುವುದೆಂಬುದನ್ನು ಕಳೆದ ಶ್ರಾವಣದಲ್ಲಿ ಕಣ್ಣಾರೆ ಕಂಡೆನು. ಮೈಸೂರಿನ ನಮ್ಮ ಬಡಾವಣೆಯಲ್ಲಿ ಏಳೆಂಟು ಮನೆಗಳ ಕಾಂಪೌಂಡಿನಲ್ಲಿ ಹುಲ್ಲು ಕತ್ತರಿಸುವ ಮಾಲಿಯೊಬ್ಬನಿದ್ದಾನೆ. ಕತ್ತರಿ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತು ಮಂಡಿ ಸವೆಸಿಕೊಂಡವನು. ಅವನ ಹೆಂಡತಿ ಮಹಿಳಾ ಸಂಘದಿಂದ ಸಾಲವೆತ್ತಿ, ಒಂಬತ್ತು ಸಾವಿರ ರೂಪಾಯಿಗೆ ಒಂದು ಹಳೆಯ ಯಂತ್ರವನ್ನು ಕೊಡಿಸಿದ್ದಳು. ಎರಡು ದಿನ ಓಡಿ ಅದು ನಿಂತಿತು. ವಾರದ ಕಂತು ಮಾತ್ರ ನಿಲ್ಲಲಿಲ್ಲ. ದಸರೆಗೆ ಮುಂಚೆ ಎಲ್ಲ ಮನೆಗಳ ಹುಲ್ಲನ್ನೂ ಒಪ್ಪಮಾಡಿಕೊಡುವೆನೆಂದು ಅವನು ಮಾತು ಕೊಟ್ಟುಬಿಟ್ಟಿದ್ದನು.

“ಕಾರ್ಬೋರೇಟರು, ಕಾಯಿಲು ಎರಡೂ ಹೊಸದು ಹಾಕ್ಬೇಕಂತೆ ಮೇಷ್ಟ್ರೇ, ನಾಕೂವರೆ ಸಾವಿರ ಆಯ್ತದಂತೆ. ಇಲ್ಲಾಂದ್ರೆ ಗುಜರಿಗೆ ಹಾಕು ಅಂದ್ರು,” ಎಂದು ಯಂತ್ರವನ್ನು ನಮ್ಮ ಜಗಲಿಯ ಕೆಳಗೆ ನಿಲ್ಲಿಸಿದನು.

“ಬಿಚ್ಚಿ ನೋಡಿದರೇನಪ್ಪ?” ಎಂದು ಕೇಳಿದೆನು.

“ಹಗ್ಗ ಎರಡು ಸಲ ಎಳೆದ್ರು, ಅಷ್ಟೇಯ.”

ಭಾನುವಾರ ಬೆಳಿಗ್ಗೆ ಬಾರೆಂದು ಹೇಳಿ ಕಳುಹಿಸಿದೆನು. ಅಂದು ನಾವಿಬ್ಬರೂ ಅನುಸರಿಸಿದ ಕ್ರಮವನ್ನೇ ವಾಚಕರ ಮುಂದಿಡುತ್ತೇನೆ.

ಮೊಟ್ಟಮೊದಲು ಪ್ರಾಣರಕ್ಷಣೆಯ ಮಾತು. ಅಲಗಿನ ಬಳಿ ಕೈಯಿಡುವ ಮುನ್ನ ಪ್ಲಗ್ಗಿಗೆ ಬರುವ ದಪ್ಪ ತಂತಿಯನ್ನು ಕಿತ್ತು ದೂರ ಸರಿಸತಕ್ಕದ್ದು. ನಿಂತ ಎಂಜಿನ್ನು ಕೂಡ, ಅಲಗನ್ನು ಕೈಯಿಂದ ತಿರುಗಿಸಿದಾಗ, ಒಮ್ಮೆಲೇ ಎದ್ದು ಬೆರಳುಗಳನ್ನು ತೆಗೆದುಕೊಂಡು ಹೋಗಬಲ್ಲದು. ಪೆಟ್ರೋಲಿನ ಕೆಲಸವು ಬಯಲಿನಲ್ಲಿಯೇ ನಡೆಯಬೇಕು. ಒಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರ ಕೂಡದು. ಬಾಗಿಲು ಮುಚ್ಚಿದ ಷೆಡ್ಡಿನೊಳಗೆ ಎಂಜಿನ್ನನ್ನು ಓಡಿಸಿ ನೋಡುವುದಂತೂ ಆತ್ಮಘಾತಕ್ಕೆ ಸಮ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಎಂಬ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯಂತ್ರವನ್ನು ಓರೆಮಾಡಬೇಕಾದರೆ ಗಾಳಿಯ ಫಿಲ್ಟರು ಮೇಲಕ್ಕಿರುವಂತೆ ಓರೆಮಾಡಬೇಕು. ಇಲ್ಲವಾದರೆ ಎಣ್ಣೆಯು ಅದರೊಳಕ್ಕೆ ಹರಿದು ಹೊಸದೊಂದು ರೋಗ ಹುಟ್ಟುವುದು.

ಆಮೇಲೆ ಹೊರಗಣ ಪರೀಕ್ಷೆ. ಪೆಟ್ರೋಲಿನ ನಲ್ಲಿ ತೆರೆದಿದೆಯೇ? ತಣ್ಣಗಿರುವ ಎಂಜಿನ್ನಿಗೆ ಚೋಕನ್ನು ಎಳೆದಿದೆಯೇ? ಹಿಡಿಕೆಯ ಜೊತೆಯಲ್ಲಿರುವ ಸನ್ನೆಯನ್ನು ಅದುಮಿ ಹಿಡಿದಿದೆಯೇ? ಆ ಸನ್ನೆಯನ್ನು ಬಿಟ್ಟರೆ ಕಿಡಿಯು ತಾನಾಗಿ ಕಡಿದುಹೋಗುವಂತೆ ರಕ್ಷಣೆಗಾಗಿ ಏರ್ಪಡಿಸಿರುವರು. ಎಳೆಯುವ ಹಗ್ಗವು ಒಂದು ಘಟ್ಟದಲ್ಲಿ ಬಿಗಿಯಾಗಿ ತಡೆದು ಮುಂದುವರಿದರೆ ಒತ್ತಡವು ಇದೆಯೆಂದು ತಿಳಿಯಬೇಕು. ನಮ್ಮ ಮಾಲಿಯ ಯಂತ್ರದಲ್ಲಿ ಇವೆಲ್ಲವೂ ನೆಟ್ಟಗಿದ್ದುವು.

ಹಗ್ಗವನ್ನು ಹತ್ತು ಸಲ ಎಳೆದು ಪ್ಲಗ್ಗನ್ನು ಬಿಚ್ಚಿದೆವು. ಈ ಸಣ್ಣ ಪಿಂಗಾಣಿಯ ವಸ್ತುವು ಎಂಜಿನ್ನಿನ ನಾಲಗೆಯೆಂದೇ ಹೇಳಬಹುದು. ವೈದ್ಯನು ನೋಡುವಂತೆ ನೋಡಬೇಕು. ತುದಿ ಒದ್ದೆಯಾಗಿದ್ದರೆ ಪೆಟ್ರೋಲು ಮಿತಿಮೀರಿ ಬಂದಿದೆ. ಕಪ್ಪು ಮಸಿ ಹಿಡಿದಿದ್ದರೆ ಗಾಳಿ ಸಾಲದು, ಫಿಲ್ಟರನ್ನು ನೋಡಬೇಕು. ಒಣಗಿದ್ದರೆ ಪೆಟ್ರೋಲು ಬರುತ್ತಲೇ ಇಲ್ಲ. ನಮಗೆ ಸಿಕ್ಕಿದ್ದು ಒಣನಾಲಗೆ. ಆದರೂ ಕಿಡಿಯನ್ನು ಪರೀಕ್ಷಿಸದೆ ಬಿಡಲಾಗದು. ಪ್ಲಗ್ಗಿನ ಮಸಿಯನ್ನು ಒರೆಸಿ, ಮೊನೆಗಳ ನಡುವಣ ಅಂತರವನ್ನು ನೋಡಿ (ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್), ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ಪ್ಲಗ್ಗಿನ ತೂತಿನಿಂದ ದೂರವಾಗಿ ಇಟ್ಟೆವು. ಅದನ್ನು ಬರಿಗೈಯಲ್ಲಿ ಹಿಡಿಯತಕ್ಕದ್ದಲ್ಲ. ಒಬ್ಬನು ಸನ್ನೆಯನ್ನು ಅದುಮಿ ಇನ್ನೊಬ್ಬನು ಹಗ್ಗವನ್ನು ಎಳೆಯಲು, ನೀಲಿ ಕಿಡಿಯು ಚಟಚಟನೆ ಹಾರಿತು. ಹೊಸ ಕಾಯಿಲು ಹಾಕಬೇಕೆಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಇಲ್ಲಿ ನಮ್ಮ ತಾರ್ಕಿಕರ ಅನ್ವಯವ್ಯತಿರೇಕಗಳು ಒದಗಿಬರುವುವು. ಯಾವುದು ಇದ್ದರೆ ಕಾರ್ಯವು ಆಗುವುದೋ, ಇಲ್ಲದಿದ್ದರೆ ಆಗದೋ, ಅದನ್ನು ಕಾರಣವೆಂದು ಗ್ರಹಿಸುವುದು. ಅರ್ಧ ಚಮಚ ಹೊಸ ಪೆಟ್ರೋಲನ್ನು ಪ್ಲಗ್ಗಿನ ತೂತಿನೊಳಕ್ಕೆ ಹನಿಸಿ, ಚೆಲ್ಲಿದ್ದನ್ನು ಒರೆಸಿ, ಆರಿದ ಮೇಲೆ ಪ್ಲಗ್ಗನ್ನು ಬಿಗಿದು ಹಗ್ಗವನ್ನು ಎಳೆದೆವು. ಯಂತ್ರವು ಎರಡು ಕ್ಷಣ ಗುಡುಗಿ ನಿಂತಿತು. ಮಾಲಿ ಹಿಗ್ಗಿ, “ಎದ್ದೋಯ್ತು ಮೇಷ್ಟ್ರೇ!” ಎಂದು ಕೂಗಿದನು. ಎದ್ದಿರಲಿಲ್ಲ, ಆದರೆ ಪೆಟ್ರೋಲಿದ್ದರೆ ಓಡುವುದೆಂದೂ ಇಲ್ಲದಿದ್ದರೆ ಇಲ್ಲವೆಂದೂ ಸಿದ್ಧವಾಯಿತು. ದೋಷವು ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಒಂದು ಗೇಣು ದಾರಿಯಲ್ಲಿ ಅಡಗಿರಬೇಕು.

ಪೆಟ್ರೋಲು ಹಳಸುವುದೆಂಬುದನ್ನು ನಮ್ಮ ಜನರು ನಂಬುವುದಿಲ್ಲ. ಅನ್ನದಂತೆ ಅದೂ ಹಳಸುವುದು. ತಿಂಗಳುಗಟ್ಟಲೆ ನಿಂತರೆ ಅದರ ಹಗುರವಾದ ಅಂಶಗಳು ಆವಿಯಾಗಿ, ಉಳಿದದ್ದು ಅಂಟಾಗಿ ಗಟ್ಟಿಕಟ್ಟುವುದು. ಅಲ್ಲದೆ 2023ರ ಫೆಬ್ರವರಿಯಲ್ಲಿ, ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟವು ನಮ್ಮ ಬೆಂಗಳೂರಿನಲ್ಲಿಯೇ ಉದ್ಘಾಟಿತವಾಯಿತು. ಎಥನಾಲು ಗಾಳಿಯ ತೇವವನ್ನು ಹೀರತಕ್ಕದ್ದು; ಹೆಚ್ಚು ಹೀರಿದಾಗ ಅದೂ ನೀರೂ ಬೇರ್ಪಟ್ಟು ತಳಕ್ಕೆ ಇಳಿಯುವುವು. ಸಣ್ಣ ಎಂಜಿನ್ನುಗಳ ಅನೇಕ ತಯಾರಕರು ನೂರಕ್ಕೆ 10 ಪಾಲನ್ನು ಮೀರಬಾರದೆಂದು ಕೈಪಿಡಿಗಳಲ್ಲಿ ಬರೆದಿರುವರು. ಹಳೆಯ ಯಂತ್ರವುಳ್ಳವರು ಇದನ್ನು ಮನಸ್ಸಿನಲ್ಲಿಡಬೇಕು.

ಮಾಲಿಯ ಟ್ಯಾಂಕಿನಿಂದ ಇಳಿಸಿದ ಪೆಟ್ರೋಲು ಕಷಾಯದ ಬಣ್ಣದ್ದಾಗಿತ್ತು. ಮಾರಿದವನ ಮನೆಯಿಂದಲೇ ಬಂದದ್ದು. ಕಾರ್ಬೋರೇಟರಿನ ಕೆಳಗಣ ಬಟ್ಟಲನ್ನು ಒಂದೇ ಬೋಲ್ಟು ಬಿಚ್ಚಿ ತೆಗೆದೆವು. ತಳದಲ್ಲಿ ನೀರಿನ ಹನಿಗಳೂ ಬಿಳಿಯ ಪುಡಿಯೂ ಇದ್ದುವು. ನಡುವೆ ಜೆಟ್ಟು ಎಂಬ ಹಿತ್ತಾಳೆಯ ಸಣ್ಣ ತಿರುಪುಂಟು. ಅದರ ಸೂಜಿಮೊನೆಯಂಥ ರಂಧ್ರದ ಮೂಲಕವೇ ಎಂಜಿನ್ನಿನ ಆಹಾರವೆಲ್ಲ ಹೋಗತಕ್ಕದ್ದು. ಬೆಳಕಿಗೆ ಹಿಡಿದು ನೋಡಿದರೆ ರಂಧ್ರವೇ ಕಾಣಲಿಲ್ಲ. ಇಂಥಲ್ಲಿ ಕೆಲವರು ಗುಂಡುಸೂಜಿಯನ್ನು ತುರುಕುವರು. ಉಕ್ಕಿನ ಸೂಜಿ ಹಿತ್ತಾಳೆಯನ್ನು ಕೊರೆದು ರಂಧ್ರವನ್ನು ಹಿಗ್ಗಿಸುವುದು. ಆಮೇಲೆ ಯಂತ್ರವು ಎಂದೆಂದಿಗೂ ಅತಿಯಾಗಿ ಉಂಡು ಕರಿಹೊಗೆ ಕಾರುವುದು. ಹಳೆಯ ವಿದ್ಯುತ್ ವೈರಿನಿಂದ ತಾಮ್ರದ ಒಂದೇ ಎಳೆಯನ್ನು ತೆಗೆದು, ಕಾರ್ಬೋರೇಟರ್ ಕ್ಲೀನರಿನಲ್ಲಿ ಜೆಟ್ಟನ್ನು ನೆನೆಯಿಸಿ, ಮೆಲ್ಲಗೆ ಆಡಿಸಿ ತೆರೆದೆವು. ರಬ್ಬರಿನ ಬಳೆಯನ್ನು ಹರಿಯದಂತೆ ಮರಳಿ ಕೂರಿಸಿ, ಬಟ್ಟಲನ್ನು ಒರೆಸಿ ಬಿಗಿದು, ಹೊಸ ಪೆಟ್ರೋಲು ತುಂಬಿದೆವು. ಮೂರನೆಯ ಎಳೆತಕ್ಕೆ ಯಂತ್ರವು ಎದ್ದಿತು.

ಐದಾರು ನಿಮಿಷದ ಮೇಲೆ ಮತ್ತೆ ನಿಂತಿತು! ಮಾಲಿಯ ಮುಖವನ್ನು ನೋಡಲಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಏಳುವುದು, ಮತ್ತೆ ಅಷ್ಟೇ ಹೊತ್ತಿಗೆ ನಿಲ್ಲುವುದು. ಈ ಕ್ರಮಬದ್ಧತೆಯೇ ದಾರಿಯನ್ನು ತೋರಿಸಿತು. ಎಂಜಿನ್ನು ತಣ್ಣಗಾಗುವವರೆಗೆ ಕಾದು ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿದಾಗ ಸುಯ್ಯೆಂದು ಗಾಳಿಯು ಒಳಕ್ಕೆ ನುಗ್ಗಿತು. ಮುಚ್ಚಳದಲ್ಲಿ ಉಸಿರಿಗಾಗಿ ಒಂದು ಸಣ್ಣ ತೂತಿರುವುದು. ಹುಲ್ಲಿನ ಪುಡಿಯೂ ಎಣ್ಣೆಯ ಜಿಡ್ಡೂ ಸೇರಿ ಅದು ಮುಚ್ಚಿಹೋಗಿತ್ತು. ಬಾಯಿ ಮುಚ್ಚಿದ ಚೆಂಬಿನ ತಳದಲ್ಲಿ ತೂತಿದ್ದರೂ ನೀರು ಹೇಗೆ ಇಳಿಯದೋ ಹಾಗೆಯೇ ಪೆಟ್ರೋಲೂ ಇಳಿಯದೆ ನಿಂತಿತ್ತು. ತೂತನ್ನು ಬಿಡಿಸಿದ ಮೇಲೆ ಯಂತ್ರವು ಮುಕ್ಕಾಲು ಗಂಟೆ ನಿಲ್ಲದೆ ಓಡಿ, ನಮ್ಮ ಹಿತ್ತಿಲ ಹುಲ್ಲನ್ನೆಲ್ಲ ತಿಂದಿತು. ಒಟ್ಟು ವೆಚ್ಚವು ಪೆಟ್ರೋಲು, ಕ್ಲೀನರು ಸೇರಿ ಐದುನೂರು ರೂಪಾಯಿಯ ಒಳಗೆ.

ಎಲ್ಲ ರೋಗವೂ ಮನೆಯಲ್ಲಿ ವಾಸಿಯಾಗುವುದೆಂದು ನಾನು ಹೇಳುತ್ತಿಲ್ಲ. ಕಿಡಿಯೂ ಪೆಟ್ರೋಲೂ ಒತ್ತಡವೂ ಇದ್ದು ಯಂತ್ರವು ಏಳದೆ, ಹಗ್ಗವು ಕೈಯನ್ನು ಹಿಂದಕ್ಕೆ ಕಿತ್ತೆಳೆಯುತ್ತಿದ್ದರೆ, ಅಲಗು ಹಿಂದೆಂದೋ ಕಲ್ಲಿಗೆ ಬಡಿದು, ಮೇಲಿನ ಚಕ್ರದ ಮೃದುಲೋಹದ ಕೀಲು ತುಂಡಾಗಿ, ಕಿಡಿಯು ಹೊತ್ತು ತಪ್ಪಿರಬಹುದು. ಅದು ಬಲ್ಲವನ ಕೈಗೆ ಹೋಗತಕ್ಕ ಕೆಲಸ. ಹಳೆಯ ಯಂತ್ರವನ್ನು ಕೊಳ್ಳುವವರು ಅಲಗಿನಲ್ಲಿ ಆಳವಾದ ಕಚ್ಚುಗಳನ್ನು ಕಂಡರೆ ಬೆಲೆಯನ್ನು ಇಳಿಸಿ ಕೇಳಬಹುದು. ಎಂಜಿನ್ನು ಬಿಸಿಯಾಗಿದ್ದಾಗ ಮಾತ್ರ ಚಾಲೂ ಮಾಡಿ ತೋರಿಸುವವನಿದ್ದರೆ, ತಣ್ಣಗಾಗುವವರೆಗೆ ಅವನ ಜಗಲಿಯ ಮೇಲೆ ಕುಳಿತು ಕಾಯುವುದಕ್ಕೆ ನಾಚಬಾರದು.

ಮಾಲಿಯು ದಸರೆಗೆ ನಾಲ್ಕು ದಿನ ಮುಂಚೆಯೇ ಎಲ್ಲ ಮನೆಗಳನ್ನೂ ಮುಗಿಸಿದನು. ಬೇಸಿಗೆಗೆ ಹುಲ್ಲು ಒಣಗಿ ಯಂತ್ರಕ್ಕೆ ಬಿಡುವು ಬಂದಾಗ ಟ್ಯಾಂಕನ್ನು ಬರಿದುಮಾಡಿ, ಉಳಿದದ್ದು ತೀರುವವರೆಗೆ ಎಂಜಿನ್ನನ್ನು ಓಡಿಸಿ, ಹೊಗೆಕೊಳವೆಯ ಬಾಯಿಗೆ ಕುಂಬಾರಹುಳು ಗೂಡು ಕಟ್ಟದಂತೆ ಬಟ್ಟೆ ಸುತ್ತಿಡಲು ಅವನಿಗೆ ಹೇಳಿದ್ದೇನೆ. ಮತ್ತೆ ಚಾಲೂ ಮಾಡುವ ದಿನ ಆ ಬಟ್ಟೆಯನ್ನು ತೆಗೆಯುವುದು ನೆನಪಿರಲೆಂದು ಅದರ ಒಂದು ಕೆಂಪು ಚುಂಗನ್ನು ಹಗ್ಗದ ಹಿಡಿಗೆ ಕಟ್ಟಿಡಬೇಕೆಂಬುದು ಅವನ ಹೆಂಡತಿಯ ಸಲಹೆ.