ದೀಪ ಹತ್ತಿದರೆ ಮೊದಲು ಗಾಳಿ ನೋಡಿ

ಮಂಡ್ಯ ಬೈಪಾಸ್‌ನಲ್ಲಿ ನೂರರ ವೇಗದಲ್ಲಿ ಓಡುತ್ತಿರುವ ಕಾರು. ಡ್ಯಾಶ್‌ಬೋರ್ಡಿನಲ್ಲಿ ಸಣ್ಣದೊಂದು ಹಳದಿ ದೀಪ ಹತ್ತುತ್ತದೆ. ಕುದುರೆ ಲಾಳದಂಥ ಗೆರೆ, ನಡುವೆ ಉದ್ಗಾರ ಚಿಹ್ನೆ. ‘ಅದು ಸೆನ್ಸರ್ ಹೋಗಿರೋದು, ಬಿಡಿ’ ಎಂಬ ಮಾತು ಚಾಲಕನ ಬಾಯಿಂದ ಬರಲು ಅರೆಕ್ಷಣವೂ ಬೇಕಿಲ್ಲ. ಕಾರು ನಿಲ್ಲುವುದಿಲ್ಲ. ಕೆಲವರಂತೂ ದೀಪದ ಮೇಲೆ ಸ್ಟಿಕ್ಕರ್ ಅಂಟಿಸಿಬಿಡುತ್ತಾರೆ.

ಈ ‘ಬಿಡಿ’ ಎಂಬ ಮಾತನ್ನು ಇನ್ನು ಬಿಡಲೇಬೇಕು. ಕಾರಣ ಎರಡು: ರಸ್ತೆಯೂ ಬದಲಾಗಿದೆ, ಕಾರೂ ಬದಲಾಗಿದೆ.

ಮೊದಲು ರಸ್ತೆ. 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ್ದು 2023ರ ಮಾರ್ಚ್ 12ರಂದು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಅದಕ್ಕೂ ಮುಂಚೆ ದಾರಿ ಮದ್ದೂರು, ಮಂಡ್ಯ ಪೇಟೆಗಳ ನಡುವೆಯೇ ಹಾದುಹೋಗುತ್ತಿತ್ತು. ವಡೆ ತಿನ್ನಲು ನಿಲ್ಲಿಸಿದ ಜಾಗದಲ್ಲೇ ಪಂಕ್ಚರ್ ಅಂಗಡಿ ಸಿಗುತ್ತಿತ್ತು. ಹಳೆಯ ಟೈರು ತೂಗುಹಾಕಿದ ಕಂಬ, ನೀರು ತುಂಬಿದ ತೊಟ್ಟಿ ಕಂಡರೆ ಸಾಕು, ಮನಸ್ಸಿಗೆ ಧೈರ್ಯ. ಈಗ ಮದ್ದೂರಿನಲ್ಲಿ ಮೇಲ್ಸೇತುವೆ, ಮಂಡ್ಯದಲ್ಲಿ ಬೈಪಾಸ್, ಎರಡೂ ಬದಿಗೆ ಬೇಲಿ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವುಗಳ ಜೊತೆಗೆ ಕೈಗೆಟಕುವ ಪಂಕ್ಚರ್ ಅಂಗಡಿಯೂ ಸರ್ವಿಸ್ ರಸ್ತೆಯ ಆಚೆಗೆ ಸರಿದಿದೆ.

ಇನ್ನು ಕಾರು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ ಮತ್ತು ಟೈರಿನ ಗಾಳಿ ತೋರಿಸುವ ವ್ಯವಸ್ಥೆ ಇದ್ದರೆ 3.5 ಟನ್ ಒಳಗಿನ ಪ್ರಯಾಣಿಕ ವಾಹನಕ್ಕೆ ಸ್ಟೆಪ್ನಿ ಬೇಕಾಗಿಲ್ಲ ಎಂದಿತು. ಇಂದು ಕೆಲವು ವಿದ್ಯುತ್ ಕಾರುಗಳ, ಸಿಎನ್‌ಜಿ ಕಾರುಗಳ ಡಿಕ್ಕಿ ತೆಗೆದರೆ ಐದನೇ ಚಕ್ರ ಇರುವುದಿಲ್ಲ. ಒಂದು ಪುಟ್ಟ ಕಂಪ್ರೆಸರ್, ಒಂದು ಬಾಟಲಿ ಅಂಟುದ್ರಾವಣ, ಅಷ್ಟೆ. ಸ್ಟೆಪ್ನಿ ತೆಗೆದು ಕೊಟ್ಟ ಭರವಸೆಯೇ ಆ ಹಳದಿ ದೀಪ. ಅದನ್ನೂ ನಂಬದಿದ್ದರೆ ಕಾರಿನಲ್ಲಿ ಉಳಿಯುವುದೇನು?

ದೀಪ ಹತ್ತಿದ್ದು ಗಾಳಿ ಇಳಿದದ್ದಕ್ಕೋ ಸೆನ್ಸರ್ ಕೆಟ್ಟದ್ದಕ್ಕೋ ಎಂದು ತಿಳಿಯುವುದು ಕಷ್ಟವಲ್ಲ. ಬಹಳಷ್ಟು ಕಾರುಗಳಲ್ಲಿ ದೀಪವೇ ಅದನ್ನು ಹೇಳುತ್ತದೆ. ಹತ್ತಿ ಹಾಗೇ ನಿಂತರೆ ಗಾಳಿ ಕಡಿಮೆ ಎಂದರ್ಥ. ಕಾರು ಚಾಲೂ ಮಾಡಿದಾಗ ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ಸ್ಥಿರವಾಗಿ ಉರಿದರೆ ವ್ಯವಸ್ಥೆಯಲ್ಲೇ ದೋಷವಿದೆ ಎಂದರ್ಥ. ಹಾಗಿದ್ದರೂ ಮೊದಲ ಕೆಲಸ ಒಂದೇ: ಗೇಜ್ ಹಿಡಿದು ನಾಲ್ಕೂ ಟೈರಿನ ಗಾಳಿ ನೋಡುವುದು. ಎಷ್ಟಿರಬೇಕೆಂಬ ಲೆಕ್ಕ ಸಾಮಾನ್ಯವಾಗಿ ಚಾಲಕನ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲೇ ಇರುತ್ತದೆ.

ಇಲ್ಲೇ ಆಗುವ ತಪ್ಪೊಂದನ್ನು ಹತ್ತಿರದಿಂದ ನೋಡಬೇಕು. ಬೆಂಗಳೂರಿನಿಂದ ಬಿಸಿಲಲ್ಲಿ ಓಡಿಬಂದ ಕಾರನ್ನು ಮದ್ದೂರಿನ ಬಂಕಿನಲ್ಲಿ ನಿಲ್ಲಿಸಿ ಗಾಳಿ ನೋಡಿದರೆ 36 ಪಾಯಿಂಟ್ ತೋರಿಸುತ್ತದೆ. ಚೀಟಿಯಲ್ಲಿ ಇರುವುದು 32. ‘ಜಾಸ್ತಿ ಆಗಿದೆ’ ಎಂದು ಹುಡುಗ ನಾಲ್ಕು ಪಾಯಿಂಟ್ ಬಿಡುತ್ತಾನೆ. ಆದರೆ ಆ 32 ತಣ್ಣಗಿರುವ ಟೈರಿನ ಲೆಕ್ಕ. ಓಡಿ ಕಾದ ಟೈರಿನಲ್ಲಿ ಮೂರು ನಾಲ್ಕು ಪಾಯಿಂಟ್ ಏರುವುದು ಸಹಜ. ಮಾರನೇ ಬೆಳಗ್ಗೆ ಅದೇ ಟೈರು 28ಕ್ಕೆ ಬಂದು ನಿಂತಿರುತ್ತದೆ. ವಾತಾವರಣದ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಇನ್ನೊಂದು ಒಂದೂವರೆ ಪಾಯಿಂಟ್ ಹೋಗುತ್ತದೆ. ಹೀಗೆ ಇಳಿದಿಳಿದು ಮಾಗಿಯ ಒಂದು ಬೆಳಗ್ಗೆ ದೀಪ ಹತ್ತಿದಾಗ ಬೈಗುಳ ಸೆನ್ಸರಿಗೆ! ಅದು ಮಾತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ.

ಗಾಳಿ ಸರಿಯಾಗಿದ್ದೂ ದೀಪ ಆರದಿದ್ದರೆ ಕಾರಿನಲ್ಲಿರುವುದು ಯಾವ ಬಗೆಯ ವ್ಯವಸ್ಥೆ ಎಂದು ತಿಳಿಯಬೇಕು. ಕೆಲವು ಕಾರುಗಳ ಟೈರಿನಲ್ಲಿ ಸೆನ್ಸರೇ ಇರುವುದಿಲ್ಲ. ಗಾಳಿ ಇಳಿದ ಚಕ್ರ ಉಳಿದವಕ್ಕಿಂತ ತುಸು ಬೇಗ ಸುತ್ತುವುದನ್ನು ಎಬಿಎಸ್ ವ್ಯವಸ್ಥೆ ಗುರುತಿಸಿ ದೀಪ ಹೊತ್ತಿಸುತ್ತದೆ. ಇಂಥ ಕಾರಿನಲ್ಲಿ ಗಾಳಿ ಹೊಡೆಸಿದ ಮೇಲೆ, ಟೈರು ಬದಲಿಸಿದ ಮೇಲೆ ರೀಸೆಟ್ ಮಾಡಲೇಬೇಕು. ಮಾಡದೆ ಸೆನ್ಸರ್ ಬದಲಿಸಲು ಹೊರಟರೆ ಹಣ ದಂಡ.

ಇನ್ನೊಂದು ಬಗೆಯಲ್ಲಿ ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡದಲ್ಲಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಸೆನ್ಸರ್ ಕೂತಿರುತ್ತದೆ. ಒಳಗಿನ ಒತ್ತಡವನ್ನು ಅಳೆದು ರೇಡಿಯೊ ತರಂಗದಲ್ಲಿ ಕಾರಿಗೆ ಕಳಿಸುತ್ತದೆ. ಅದರ ಬ್ಯಾಟರಿ ಬಾಳಿಕೆ ಐದರಿಂದ ಹತ್ತು ವರ್ಷ. ಬ್ಯಾಟರಿಯನ್ನು ಒಳಗೇ ಎರಕ ಹೊಯ್ದು ಮುಚ್ಚಿರುವುದರಿಂದ ಅದು ಮುಗಿದರೆ ಸೆನ್ಸರನ್ನೇ ಬದಲಿಸಬೇಕು. ಏಳೆಂಟು ವರ್ಷದ ಕಾರಿನಲ್ಲಿ ಒಂದು ಚಕ್ರದ ಅಂಕಿಯ ಜಾಗದಲ್ಲಿ ಬರೀ ಅಡ್ಡಗೆರೆ ಕಂಡರೆ ಮೊದಲ ಅನುಮಾನ ಬ್ಯಾಟರಿಯ ಮೇಲಿರಲಿ. ಸೆನ್ಸರ್ ಸತ್ತಿದೆಯೋ ಬದುಕಿದೆಯೋ ಎಂದು ಟೈರು ಬಿಚ್ಚದೆಯೇ ಹೇಳುವ ಕೈಯಂತ್ರಗಳಿವೆ. ಹೊಸ ಸೆನ್ಸರಿಗೆ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಕಾರಿಗೆ ಪರಿಚಯಿಸದಿದ್ದರೆ ದೀಪ ಆರುವುದಿಲ್ಲ. ವಾಲ್ವಿನ ಮುಚ್ಚಳದ ಜಾಗದಲ್ಲಿ ಹೊರಗಿನಿಂದ ತಿರುಗಿಸಿ ಕೂರಿಸುವ ಸೆನ್ಸರಾದರೆ ಪರೀಕ್ಷೆ ಇನ್ನೂ ಸುಲಭ. ಎರಡು ಚಕ್ರಗಳ ಸೆನ್ಸರನ್ನು ಅದಲು ಬದಲು ಮಾಡಿ ನೋಡಿ. ದೋಷ ಸೆನ್ಸರಿನ ಜೊತೆಗೇ ಹೋದರೆ ಕೆಟ್ಟಿರುವುದು ಸೆನ್ಸರ್. ಹೋಗದಿದ್ದರೆ ಆ ಚಕ್ರದಲ್ಲೇ ಏನೋ ಇದೆ.

ಸೆನ್ಸರ್ ತಾನಾಗಿ ಸಾಯುವುದು ಒಂದು ಬಗೆ, ಯಾರದೋ ಕೈಯಿಂದ ಸಾಯುವುದು ಇನ್ನೊಂದು ಬಗೆ. ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರು, ಎತ್ತಿನ ಗಾಡಿ ಓಡಾಡುತ್ತವೆ. ಎತ್ತಿನ ಲಾಳದ ಒಂದು ಮೊಳೆ ಸಾಕು ಪಂಕ್ಚರ್ ಆಗಲು. ಅಂಗಡಿಯವನು ಟೈರನ್ನು ರಿಮ್ಮಿನಿಂದ ಬಿಡಿಸಲು ಯಂತ್ರದ ಅಲಗನ್ನು ಒತ್ತುತ್ತಾನೆ. ಆ ಒತ್ತು ವಾಲ್ವಿನ ಹತ್ತಿರವೇ ಬಿದ್ದರೆ ಒಳಗಿನ ಸೆನ್ಸರ್ ಚೂರಾಗುತ್ತದೆ. ಒಳಗೊಂದು ಸೆನ್ಸರ್ ಇದೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಹೇಳಬೇಕಾದವರು ಕಾರಿನವರು, ಅದೂ ಚಕ್ರ ಬಿಚ್ಚುವ ಮೊದಲು. ಬಾಟಲಿಯ ಅಂಟುದ್ರಾವಣ ಸುರಿದಿದ್ದರೆ ಅದನ್ನೂ ಹೇಳಬೇಕು, ಸೆನ್ಸರಿನ ಸಣ್ಣ ರಂಧ್ರ ಅದರಿಂದ ಮುಚ್ಚಿಹೋಗಬಹುದು.

ಇಷ್ಟೊಂದು ರಗಳೆ ಯಾಕೆ ಎನ್ನುವವರು ಅಮೆರಿಕದ ಅನುಭವ ನೋಡಲಿ. ಫೈರ್‌ಸ್ಟೋನ್ ಟೈರುಗಳು ಓಡುವಾಗಲೇ ಪದರ ಕಳಚಿ ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳು ಮಗುಚಿ ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, 2000ದಲ್ಲಿ ಅಲ್ಲಿನ ಸಂಸತ್ತು ಹೊಸ ಕಾನೂನು ತಂದಿತು. ಅದರಂತೆ 2007ರ ಸೆಪ್ಟೆಂಬರಿನಿಂದ ತಯಾರಾದ ಎಲ್ಲ ಹೊಸ ಕಾರುಗಳಿಗೂ ಈ ದೀಪ ಕಡ್ಡಾಯವಾಯಿತು. ಗಾಳಿ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ, ಕಾದು ಕೊನೆಗೆ ಸಿಡಿಯುತ್ತದೆ. ಕಾಂಕ್ರೀಟೋ ಡಾಂಬರೋ, ಮಿನ್ನೆಸೋಟವೋ ಮಂಡ್ಯವೋ, ಟೈರಿಗೆ ವ್ಯತ್ಯಾಸವಿಲ್ಲ.

ದೀಪವನ್ನೇ ನಂಬಿ ಕೂರುವುದೂ ತಪ್ಪೇ. ಗಾಳಿ ಸುಮಾರು ಐದನೇ ಒಂದು ಭಾಗ ಇಳಿದ ಮೇಲಷ್ಟೇ ಅದು ಸಾಮಾನ್ಯವಾಗಿ ಹತ್ತುವುದು. ಹಾಗಾಗಿ ತಿಂಗಳಿಗೊಮ್ಮೆ ಕೈಯಾರೆ ನೋಡುವ ಹಳೆಯ ಅಭ್ಯಾಸ ತಪ್ಪಕೂಡದು.

ಚಾಲಕರಿಗೆ ಹೇಳಿದರಷ್ಟೇ ಸಾಲದು. ಟೋಲ್ ವಸೂಲಿ ಮಾಡುವ ಹೆದ್ದಾರಿಯಲ್ಲಿ ಮದ್ದೂರು, ಮಂಡ್ಯದ ಹತ್ತಿರ ಮುಖ್ಯ ಪಥದಿಂದಲೇ ತಲುಪಬಹುದಾದ ಗಾಳಿ ಮತ್ತು ಪಂಕ್ಚರ್ ಸೌಲಭ್ಯ ಹೆದ್ದಾರಿ ಪ್ರಾಧಿಕಾರದ ಹೊಣೆ. ಬಂಕಿನಲ್ಲಿ ಉಚಿತ ಗಾಳಿ ಗ್ರಾಹಕನ ಹಕ್ಕು. ‘ಮೆಷಿನ್ ಕೆಟ್ಟಿದೆ’ ಎಂಬ ಬೋರ್ಡು ತಿಂಗಳುಗಟ್ಟಲೆ ತೂಗುವುದನ್ನು ತೈಲ ಕಂಪನಿಗಳು ಒಪ್ಪಬಾರದು. ಮಳವಳ್ಳಿಯಂಥ ಊರಿನ ಪಂಕ್ಚರ್ ಅಂಗಡಿಯವರಿಗೆ ಸೆನ್ಸರ್ ಇರುವ ಚಕ್ರ ಬಿಚ್ಚುವ ಬಗೆಯನ್ನು ಜಿಲ್ಲೆಯ ಐಟಿಐಗಳು ಒಂದೆರಡು ದಿನದ ತರಬೇತಿಯಲ್ಲಿ ಕಲಿಸಬಹುದು.

ಓದುಗರಲ್ಲಿ ಒಂದು ಕೋರಿಕೆ. ನಾಳೆ ಬೆಳಗ್ಗೆ, ಕಾರು ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಗೇಜ್ ಹಿಡಿದು ನಾಲ್ಕೂ ಚಕ್ರ ನೋಡಿ, ಸ್ಟೆಪ್ನಿ ಇದ್ದರೆ ಅದನ್ನೂ ನೋಡಿ. ಹೆದ್ದಾರಿಯಲ್ಲಿ ದೀಪ ಹತ್ತಿದರೆ ಗಡಬಡಿಸಿ ಬ್ರೇಕ್ ಒತ್ತಬೇಡಿ. ವೇಗ ಇಳಿಸಿ, ಎಡಕ್ಕೆ ಬಂದು, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಗಾಡಿ ಮುಂದೆ ಹೋಗುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ.